ಮಾಸ್ಟ್ರ ಮನೆಗೆ ಬಂದ ಶ್ವಾಸಕೋಶ

ಪಿಎಚ್.ಡಿ. ಮಾಡುತ್ತಿದ್ದಾಗ ನಾನು ಮಂಜೇಶ್ವರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ನಮ್ಮ ಮನೆ ಎಣ್ಮಕಜೆಯ ಒಳಗೆ. ಅಲ್ಲಿಂದ ಬಸ್ಸು ಬದಲಿಸಿ ಬದಲಿಸಿ ಕಾಸರಗೋಡಿನ ಆಚೆ ಇದ್ದ ನಮ್ಮ ಲ್ಯಾಬಿಗೆ ದಿನಾ ಹೋಗಿ ಬರುವುದೆಂದರೆ, ಹೋಗುವುದೂ ಬರುವುದೂ ಬಿಟ್ಟು ಬೇರೇನೂ ಆಗುತ್ತಿರಲಿಲ್ಲ. ಮಂಜೇಶ್ವರದಲ್ಲಾದರೆ ಬೆಳಗ್ಗೆ ರೈಲಿತ್ತು. ಮೊಬೈಲಿನಲ್ಲಿ ವಾಟ್ಸಾಪ್ ಎಂಬುದು ನಮ್ಮ ಕಡೆ ಆಗಷ್ಟೇ ಕಾಲಿಟ್ಟಿದ್ದ ಕಾಲ. ಆದರೆ ಈ ಕಥೆಯಲ್ಲಿ ಸುದ್ದಿ ಹರಡಿದ್ದು ಬಾಯಿಯಿಂದಲೇ.

ಚಿಕ್ಕಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಯಾವ ಇಂಗ್ಲಿಷ್ ಪದವನ್ನೂ ಕನ್ನಡ ಮಾಡದೆ ಬಿಡುತ್ತಿರಲಿಲ್ಲ. ಫ್ರಿಜ್ಜು ಅವರಿಗೆ ಶೀತಕ, ಟಾರ್ಚು ಕೈದೀಪ. ಚಿಕ್ಕಮ್ಮ ಮಾತ್ರ ಇಷ್ಟು ವರ್ಷ ಸಂಸಾರ ಮಾಡಿಯೂ ಫ್ರಿಜ್ಜನ್ನು ಫ್ರಿಜ್ಜೆಂದೇ ಕರೆದು, ಅದರೊಳಗೆ ಏನಿಡಬೇಕು ಏನಿಡಬಾರದು ಎಂಬ ಅಧಿಕಾರವನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಚಿಕ್ಕಪ್ಪನಿಗೆ ಒಂದು ಹಳೆಯ ಕೆಮ್ಮೂ ಇತ್ತು. ನಶ್ಯದಿಂದ ಬಂದದ್ದೆಂದು ಚಿಕ್ಕಮ್ಮ, ಕಡಲಗಾಳಿಯಿಂದ ಬಂದದ್ದೆಂದು ಅವರು.

ನನ್ನ ಕೆಲಸ ಜೀವಕೋಶಗಳ ಉಸಿರಾಟದ ಮೇಲೆ. ನಾವು ಎಳೆದುಕೊಂಡ ಗಾಳಿ ಎದೆಯಲ್ಲೇ ನಿಲ್ಲುವುದಿಲ್ಲ. ರಕ್ತದ ಜತೆ ಹೋಗಿ ಒಂದೊಂದು ಕೋಶದ ಒಳಗೂ ಇರುವ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳಲ್ಲಿ ಖರ್ಚಾಗುತ್ತದೆ. ಆ ಒಲೆಯಲ್ಲಿ ಕೆಲವು ಪ್ರೋಟೀನುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಕೆಲಸ ದಾಟಿಸುತ್ತವೆ. ಒಂದು ಕೈಬಿಟ್ಟರೆ ಸಾಲೇ ನಿಂತುಹೋಗುತ್ತದೆ. ಈ ವಿಷಯವನ್ನೇ ಏಕೆ ಹಿಡಿದೆ ಎಂದು ಕೇಳಿದವರಿಗೆ ನಾನು ಆಸಕ್ತಿ ಎಂದು ಹೇಳುತ್ತಿದ್ದೆ. ಎಣ್ಮಕಜೆಯಲ್ಲಿ ಬೆಳೆದವರಿಗೆ ಮದ್ದು ಎಂದರೆ ಬಾಟಲಿಯಲ್ಲಿ ಬರುವುದು ಮಾತ್ರವಲ್ಲ, ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕವೂ ಮದ್ದೇ. ವಿಷ ಒಂದು ಜೀವಕೋಶದ ಉಸಿರನ್ನು ಹೇಗೆ ಹಿಡಿಯುತ್ತದೆ ಎಂದು ತಿಳಿಯುವ ಆಸೆ ನನಗೆ ಎಲ್ಲಿಂದ ಬಂತೆಂದು ಮನೆಯವರು ಯಾರೂ ಕೇಳಲಿಲ್ಲ.

ಪ್ರಯೋಗಕ್ಕೆ ಆ ಸಾಲಿನ ಒಂದು ಪ್ರೋಟೀನು ಶುದ್ಧವಾಗಿ ಬೇಕಿತ್ತು, ಅದೂ ಮನುಷ್ಯನದ್ದು. ಮನುಷ್ಯನನ್ನು ಕೊಯ್ದು ತೆಗೆಯುವುದೇನೂ ಅಲ್ಲ. ಅದನ್ನು ತಯಾರಿಸುವ ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದ ಒಳಗೆ ಸೇರಿಸುತ್ತಾರೆ, ಬ್ಯಾಕ್ಟೀರಿಯಾ ಅದನ್ನು ತನ್ನದೆಂದೇ ತಿಳಿದು ಪ್ರೋಟೀನು ಮಾಡಿಕೊಡುತ್ತದೆ. ಸೋಸಿ, ಶುದ್ಧ ಮಾಡಿ, ಚಿಕ್ಕ ಸೀಸೆಯಲ್ಲಿ ಹಾಕಿ ಮಾರುತ್ತಾರೆ. ಅದನ್ನು ತರುವ ಕೊರಿಯರಿನವರು ನಮ್ಮ ಲ್ಯಾಬಿನ ಪಿನ್‌ಕೋಡಿಗೆ ತಣ್ಣಗಿನ ಪಾರ್ಸೆಲ್ ತಲುಪಿಸುವುದಿಲ್ಲ ಎಂದರು. ಮಂಜೇಶ್ವರಕ್ಕಾದರೆ ಮಂಗಳೂರಿನಿಂದ ಬರುತ್ತದೆ. ಹಾಗಾಗಿ ನನ್ನ ಗೈಡ್, ಕಣ್ಣೂರಿನ ಕಡೆಯ ಒಬ್ಬ ಮೇಡಂ, ಚಿಕ್ಕಪ್ಪನ ಮನೆಯ ವಿಳಾಸವನ್ನೇ ಕೊಟ್ಟರು.

"ಎಂತ ಬರ್ಲಿಕ್ಕುಂಟು ಅದು? ಹೆಸರು ಪೂರ್ತಿ ಹೇಳು" ಎಂದರು ಚಿಕ್ಕಪ್ಪ.

"ರಿಕಾಂಬಿನೆಂಟ್ ಹ್ಯೂಮನ್ ಮೈಟೊಕಾಂಡ್ರಿಯಲ್ ರೆಸ್ಪಿರೇಟರಿ ಪ್ರೋಟೀನ್."

ಅವರು ಕಣ್ಣು ಮುಚ್ಚಿದರು. ಕೆಲವು ದಿನ ಊಟದ ಹೊತ್ತಿಗೂ ತುಟಿ ಅಲ್ಲಾಡುತ್ತಿತ್ತು. ಕೊನೆಗೊಂದು ಬೆಳಗ್ಗೆ ಮಿಂದು ಬಂದವರೇ, ತಲೆ ಒರೆಸುವುದನ್ನೂ ಬಿಟ್ಟು ಘೋಷಿಸಿದರು: "ಮರುಜೋಡಿತ ಮಾನವ ಕಣಕುಲುಮೆಯ ಉಸಿರುಸಾರ!"

"ಇದನ್ನು ಯಾರಿಗೆ ಹೇಳ್ಲಿಕ್ಕೆ?" ಎಂದು ಚಿಕ್ಕಮ್ಮ ಕೇಳಿದರು.

ಯಾರಿಗೆ ಎಂಬುದು ಅದೇ ದಿನ ನಿರ್ಧಾರವಾಯಿತು. ಪೇಟೆಯಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿಯ ಒಂದು ಬದಿಯಲ್ಲಿ ಕೊರಿಯರಿನ ಕೌಂಟರ್ ಇಟ್ಟುಕೊಂಡವನು ಚಿಕ್ಕಪ್ಪನ ಹಳೆಯ ಶಿಷ್ಯ. ಮನೆಮಾತು ಬ್ಯಾರಿ, ಕನ್ನಡವೆಂದರೆ ಮಾಸ್ಟ್ರು ಕಲಿಸಿದ್ದು. ಅವನಿಗೆ ಮೊದಲೇ ಹೇಳಿಡೋಣವೆಂದು ಚಿಕ್ಕಪ್ಪ ಹೋದರು. ನಾನೂ ಜತೆಯಲ್ಲಿದ್ದೆ.

"ನನ್ನ ಹೆಸರಿಗೆ ಒಂದು ಪೆಟ್ಟಿಗೆ ಬರ್ತದೆ. ಜಾಗ್ರತೆ ಮಾಡು. ಐಸಿನಲ್ಲಿಟ್ಟು ಬರುದು."

"ಎಂತದು ಮಾಸ್ಟ್ರೇ?"

"ಮರುಜೋಡಿತ ಮಾನವ ಕಣಕುಲುಮೆಯ ಉಸಿರುಸಾರ."

ಶಾಲೆಯಲ್ಲಿ ಸಂಧಿ ಸಮಾಸ ಕೇಳಿದಾಗ ಮಾಡುತ್ತಿದ್ದ ಮುಖವನ್ನೇ ಅವನು ಮಾಡಿದ. ಮರುಜೋಡಿತ, ಮಾನವ, ಉಸಿರು ಎಂಬ ಪದಗಳು ಮಾತ್ರ ಅವನ ಕೈಗೆ ಸಿಕ್ಕಿರಬೇಕು. ಅಷ್ಟರಲ್ಲಿ ಚಿಕ್ಕಪ್ಪನಿಗೆ ಕೆಮ್ಮು ಬಂತು. ದೊಡ್ಡದೇ ಬಂತು.

"ಇದು... ನಿಮಗೆಯಾ ಮಾಸ್ಟ್ರೇ?" ಎಂದು ಅವನು ಮೆಲ್ಲನೆ ಕೇಳಿದ.

"ನಮಗೇ, ಮತ್ತೆ ಯಾರಿಗೆ? ಕೆಟ್ಟುಹೋದರೆ ಇನ್ನೊಂದು ಸಿಗುದು ಬಹಳ ಕಷ್ಟ" ಎಂದರು ಚಿಕ್ಕಪ್ಪ, ಎದೆ ನೀವಿಕೊಳ್ಳುತ್ತಾ.

ನಾನು ಆಚೆ ಬದಿಯಲ್ಲಿ ರೀಚಾರ್ಜಿನವನ ಹತ್ತಿರ ಮಾತಾಡುತ್ತಿದ್ದವಳು ಇದನ್ನು ಕೇಳಿಯೂ ಗಮನಿಸಲಿಲ್ಲ.

ಮರುದಿನದಿಂದ ಮನೆಗೆ ಜನ ಬರತೊಡಗಿದರು. ಮೊದಲು ಬಂದದ್ದು ಬಾಳೆಹಣ್ಣು ಹಿಡಿದುಕೊಂಡು ಒಬ್ಬ ಹಳೆಯ ಶಿಷ್ಯ. ಆಮೇಲೆ ಎಳನೀರು, ಬಿಸ್ಕತ್ತು, ಹಾರ್ಲಿಕ್ಸ್. ಬಂದವರು ಜಗಲಿಯಲ್ಲಿ ಕುಳಿತು, ಹೆಚ್ಚು ಮಾತಾಡದೆ, ಹೊರಡುವಾಗ ಚಿಕ್ಕಪ್ಪನ ಕೈಯನ್ನು ಎರಡೂ ಕೈಯಿಂದ ಹಿಡಿದು, "ಧೈರ್ಯ ಬಿಡ್ಬೇಡಿ ಮಾಸ್ಟ್ರೇ, ಈಗ ಎಲ್ಲ ಸುಲಭ ಉಂಟು" ಎನ್ನುತ್ತಿದ್ದರು. ಚಿಕ್ಕಪ್ಪನಿಗೆ ಪರಮಾನಂದ. "ನೋಡು, ಕನ್ನಡ ಕಲಿಸಿದವನನ್ನು ಮಕ್ಕಳು ಮರೀಲಿಲ್ಲ" ಎಂದು ಬಾಳೆಹಣ್ಣು ಸುಲಿಯುತ್ತಿದ್ದರು. ಕನ್ನಡದ ಭವಿಷ್ಯದ ಬಗ್ಗೆ ಅವರು ಅಷ್ಟು ಆಶಾವಾದಿಯಾಗಿದ್ದದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಗುಟ್ಟು ಒಡೆದದ್ದು ಕಂಪೌಂಡಿನ ಹತ್ತಿರ. ಪಕ್ಕದ ಮನೆಯ ತುಳು ಹೆಂಗಸು, ಗಂಡ ಗಲ್ಫಿನಲ್ಲಿದ್ದವಳು, ಚಿಕ್ಕಮ್ಮನನ್ನು ಗೋಡೆಯ ಬಳಿಗೆ ಕರೆದು ಕೇಳಿದಳು: "ಅಕ್ಕಾ, ಆಪರೇಶನ್ ಎಲ್ಲಿ? ಮಂಗಳೂರಿನಲ್ಲಿಯಾ?"

"ಯಾರಿಗೆ?"

"ನನ್ನ ಹತ್ತಿರ ಅಡಗಿಸ್ಬೇಡಿ ಅಕ್ಕಾ. ನನ್ನ ಗಂಡ ಅಲ್ಲಿಂದ ಫೋನ್ ಮಾಡಿ ಕೇಳಿದ್ರು."

ಚಿಕ್ಕಮ್ಮ ಒಳಗೆ ಬಂದು ಚಿಕ್ಕಪ್ಪನ ಎದುರು ಕುಳಿತರು. ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೆ ಶ್ವಾಸಕೋಶ ಬದಲು ಮಾಡ್ಲಿಕ್ಕುಂಟಂತೆ. ಹೊಸತ್ತು ಕೊರಿಯರಿನಲ್ಲಿ ಬರ್ತದಂತೆ. ದುಬಾಯಿಯವರಿಗೆ ಗೊತ್ತುಂಟು, ನನಗೆ ಗೊತ್ತಿಲ್ಲ."

ಚಿಕ್ಕಪ್ಪನಿಗೆ ಸಿಟ್ಟು ಬಂತು. ಸುದ್ದಿ ಹರಡಿದ್ದಕ್ಕಲ್ಲ, ತಮ್ಮ ಪದವನ್ನು ತಪ್ಪು ತಿಳಿದದ್ದಕ್ಕೆ. "ಉಸಿರುಸಾರ ಅಂದ್ರೆ ಶ್ವಾಸಕೋಶ ಹೇಗಾಗ್ತದೆ? ಸಾರ ಅಂತ ಸ್ಪಷ್ಟ ಉಂಟಲ್ಲ!"

"ಸಾರು ಅಂತ ತಿಳ್ಕೊಳ್ಳಲಿಲ್ಲವಲ್ಲ, ಅದೇ ಪುಣ್ಯ. ಇಲ್ಲದಿದ್ರೆ ಅನ್ನ ಹಿಡ್ಕೊಂಡು ಬರ್ತಿದ್ರು."

ತಪ್ಪನ್ನು ತಿದ್ದಲು ಚಿಕ್ಕಪ್ಪ ಕೊಡೆ ಹಿಡಿದು ಹೊರಟೇಬಿಟ್ಟರು. ತಿದ್ದಿದಷ್ಟೂ ಕೆಟ್ಟಿತು. "ಶ್ವಾಸಕೋಶ ಅಲ್ಲ, ಅದರೊಳಗಿನ ಕಣದೊಳಗಿನ ಕುಲುಮೆಯದ್ದು" ಎಂದು ಅವರು ವಿವರಿಸಿದರೆ, ಕೇಳಿದವರು, ಪಾಪ, ರೋಗ ಅಷ್ಟು ಒಳಗೆ ಇಳಿದಿದೆ ಎಂದು ತಿಳಿದರು. ಸಂಜೆಗೆ ಮತ್ತೆರಡು ಹಾರ್ಲಿಕ್ಸ್ ಬಂದವು.

ಪೆಟ್ಟಿಗೆ ಬಂದದ್ದು ಒಂದು ಸಂಜೆ. ಮಾರನೆಯ ದಿನ ಹರತಾಳವೆಂದು ಆಗಲೇ ಗೊತ್ತಾಗಿತ್ತು. ಕೊರಿಯರಿನವನು ತನ್ನ ಬಿಳಿ ಓಮ್ನಿಯಲ್ಲಿ, ಬೇರೆ ಪಾರ್ಸೆಲ್ ಒಂದನ್ನೂ ಹಾಕದೆ, ಅದೊಂದನ್ನೇ ತಂದ. ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಜಗಲಿಯಲ್ಲಿಟ್ಟು ಹಿಂದೆ ಸರಿದು ನಿಂತ. ಚಹಾ ಬೇಡವೆಂದ.

"ಇದು ಅಂಥದ್ದೆಂತ ಅಲ್ಲ" ಎಂದೆ ನಾನು.

"ಮೇಲೆ ಓದಿದೆ ಅಕ್ಕಾ. ಹ್ಯೂಮನ್ ಅಂತ ಉಂಟು" ಎಂದ ಅವನು, ಸ್ವರ ತಗ್ಗಿಸಿ.

ಟಿ.ವಿ.ಯಷ್ಟು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ. ಮುಚ್ಚಳ ತೆಗೆದಾಗ ಬಿಳಿ ಹೊಗೆ ಎದ್ದಿತು. ಕೊರಿಯರಿನವನು ಅಂಗಳಕ್ಕೆ ಇಳಿದ. ಹೊಗೆ ಡ್ರೈ ಐಸಿನದು, ಆದರೆ ಅದು ದಾರಿಯಲ್ಲೇ ಹೆಚ್ಚುಕಡಿಮೆ ಮುಗಿದು ಅಡಿಯಲ್ಲಿ ಒಂದು ಚೂರು ಮಾತ್ರ ಉಳಿದಿತ್ತು. ರಾತ್ರಿ ಕಳೆಯಬೇಕಾದರೆ ಫ್ರೀಜರೊಂದೇ ದಾರಿ. ನಾನು ಚಿಕ್ಕಮ್ಮನ ಮುಖ ನೋಡಿದೆ.

"ಮನುಷ್ಯರದ್ದು ಎಂತ ಸಹ ನನ್ನ ಫ್ರಿಜ್ಜಿನಲ್ಲಿ ಬೇಡ."

"ಮನುಷ್ಯರದ್ದಲ್ಲ ಚಿಕ್ಕಮ್ಮ. ಮನುಷ್ಯರದ್ದರ ಹಾಗೆಯೇ ಇರುವುದು. ಮಾಡಿದ್ದು ಬ್ಯಾಕ್ಟೀರಿಯಾ."

"ಬ್ಯಾಕ್ಟೀರಿಯಾ ಅಂದ್ರೆ ಮೊಸರಿನಲ್ಲಿ ಇರುದಲ್ವಾ?"

"ಅದೇ ಬಳಗ."

"ಹಾಗಾದ್ರೆ ಇಡು. ಆದ್ರೆ ಹೆಪ್ಪಿನ ಪಾತ್ರೆಯ ಹತ್ತಿರ ಬೇಡ. ಒಂದು ಇನ್ನೊಂದಕ್ಕೆ ತಾಗಿ, ನಾಳೆ ಮೊಸರು ಉಸಿರಾಡ್ಲಿಕ್ಕೆ ಶುರು ಮಾಡುದು ಬೇಡ."

ಫ್ರೀಜರಿನಲ್ಲಿದ್ದ ತೆಂಗಿನಕಾಯಿ ತುರಿ ಹೊರಗೆ ಬಂತು, ಮನುಷ್ಯನ ಉಸಿರಾಟದ ಪ್ರೋಟೀನು ಒಳಗೆ ಹೋಯಿತು.

ಬೆಳಗ್ಗೆ ಎದ್ದಾಗ ಕರೆಂಟಿರಲಿಲ್ಲ. ಯಾವಾಗ ಹೋಯಿತೋ ಗೊತ್ತಿಲ್ಲ. ಫ್ರೀಜರಿನ ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀಸೆ ಅಲ್ಲಾಡಿಸಿ ನೋಡಿದೆ, ಒಳಗಿನದು ಇನ್ನೂ ಗಟ್ಟಿಯಿತ್ತು, ಆದರೆ ಹೆಚ್ಚು ಹೊತ್ತು ಹಾಗಿರುವಂತಿರಲಿಲ್ಲ. ಗೈಡಿಗೆ ಫೋನ್ ಮಾಡಿದೆ. ಕ್ಯಾಂಪಸ್ಸಿನ ಕ್ವಾರ್ಟರ್ಸಿನಲ್ಲಿದ್ದ ಅವರು ಮಲಯಾಳದಲ್ಲಿ ಹೇಳಿದ್ದು ಎರಡೇ ಮಾತು: ಕರಗಲಿಕ್ಕೆ ಬಿಡಬೇಡ, ಕರಗಿದರೆ ನೀನೂ ಬರಬೇಡ.

ಹರತಾಳದ ದಿನ ರೈಲು ಓಡುತ್ತದೆ, ಆದರೆ ಇಳಿದ ಮೇಲೆ ಲ್ಯಾಬಿನ ತನಕ ಬಸ್ಸಿಲ್ಲ, ರಿಕ್ಷಾ ಇಲ್ಲ. ಚಿಕ್ಕಪ್ಪ ಕೊರಿಯರಿನವನಿಗೆ ಫೋನ್ ಮಾಡಿದರು. "ಸ್ವಲ್ಪ ತೊಂದರೆ ಆಗಿದೆ. ಪೆಟ್ಟಿಗೆಯನ್ನು ಈಗಲೇ ಮುಟ್ಟಿಸ್ಬೇಕು" ಎಂದರು. ಅಷ್ಟಕ್ಕೇ ಓಮ್ನಿ ಅಂಗಳಕ್ಕೆ ಬಂದು ನಿಂತಿತು. ಅವನು ಎದುರಿನ ಗಾಜಿಗೆ ಅಂಟಿಸಲು ಕಾಗದವನ್ನೂ ತಂದಿದ್ದ. "ಆಸ್ಪತ್ರೆ ಅಂತ ಬರೆದ್ರೆ ಬಿಡ್ತಾರೆ."

"ಸುಳ್ಳು ಬರೀಲಿಕ್ಕೆ ನನ್ನಿಂದ ಆಗುದಿಲ್ಲ" ಎಂದರು ಚಿಕ್ಕಪ್ಪ. "ಸಂಶೋಧನೆ ಅಂತ ಬರಿ."

"ಸಂಶೋಧನೆ ಅಂತ ಬರೆದ್ರೆ ಕಲ್ಲು ಬೀಳ್ತದೆ ಮಾಸ್ಟ್ರೇ. ಗಾಜು ನನ್ನದು."

ಕೊನೆಗೆ ಚಿಕ್ಕಪ್ಪ ತಮ್ಮ ದುಂಡಕ್ಷರದಲ್ಲಿ 'ತುರ್ತು' ಎಂದಷ್ಟೇ ಬರೆದುಕೊಟ್ಟರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೊದಲು ಐಸು ಬೇಕಿತ್ತು. ಶಿರಿಯದಲ್ಲಿ ಕೊರಿಯರಿನವನ ಭಾವ ಮೀನಿಗೆ ಐಸು ಮಾರುತ್ತಿದ್ದ. ಹರತಾಳಕ್ಕೆ ಬಾಗಿಲು ಅರ್ಧ ಎಳೆದಿತ್ತು, ಒಳಗೆ ಹೊಟ್ಟಿನಲ್ಲಿ ಮುಚ್ಚಿದ ಐಸಿನ ದಿಮ್ಮಿಗಳಿದ್ದವು. ಜನ್ಮದಲ್ಲಿ ಮೀನಿನ ಅಂಗಡಿಯ ಹೊಸ್ತಿಲು ತುಳಿಯದ ಚಿಕ್ಕಪ್ಪ, ಪಂಚೆ ಎತ್ತಿಕೊಂಡು, ಮೂಗಿಗೆ ಶಾಲು ಹಿಡಿದುಕೊಂಡು, ಬುಟ್ಟಿಗಳ ನಡುವೆ ನಿಂತರು. ನಾನು ಐಸು ಪುಡಿ ಮಾಡಿಸಿ, ಅದಕ್ಕೆ ಕಲ್ಲುಪ್ಪು ಬೆರೆಸಲು ಹೇಳಿದೆ. ಉಪ್ಪು ಸೇರಿದರೆ ಐಸು ಇನ್ನೂ ತಣ್ಣಗಾಗುತ್ತದೆ.

ಭಾವ ಪೆಟ್ಟಿಗೆಯನ್ನೂ ಚಿಕ್ಕಪ್ಪನನ್ನೂ ನೋಡಿ, ಕೊರಿಯರಿನವನ ಕಿವಿಯಲ್ಲಿ ಕೇಳಿದ: "ಇವರದ್ದನ್ನು ಉಪ್ಪು ಹಾಕಿ ಇಡುದಾ?"

"ಡಾಕ್ಟರ್ ಹೇಳಿದ್ದು" ಎಂದ ಅವನು.

ಆ ಮನುಷ್ಯ ಐಸಿಗೆ ದುಡ್ಡು ಮುಟ್ಟಲಿಲ್ಲ.

ಕುಂಬಳೆಯ ಹತ್ತಿರ ರಸ್ತೆಗೆ ಅಡ್ಡ ಟಯರುಗಳನ್ನು ಇಟ್ಟು ಒಂದು ಗುಂಪು ನಿಂತಿತ್ತು. ಓಮ್ನಿ ನಿಂತಿತು. ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಯುವಕ ಬಂದು ಗಾಜಿನ ಮೇಲಿನದನ್ನು ಓದಿ, "ಎಂತ ತುರ್ತು?" ಎಂದ. ಅಷ್ಟರಲ್ಲಿ ಅವನ ಹಿಂದಿನಿಂದ ಯಾರೋ ಬಗ್ಗಿ ನೋಡಿದರು. "ಏ, ಇದು ಮಂಜೇಶ್ವರದ ಮಾಸ್ಟ್ರಲ್ವಾ? ಆ ಶ್ವಾಸಕೋಶದ್ದು?"

ಎಲ್ಲರ ಕಣ್ಣೂ ಚಿಕ್ಕಪ್ಪನ ತೊಡೆಯ ಮೇಲಿದ್ದ ಪೆಟ್ಟಿಗೆಯ ಮೇಲೆ. ನಾನು ಅವರ ಮೊಣಕೈ ಹಿಂಡಿದೆ. ಪ್ರಯೋಜನವಾಗಲಿಲ್ಲ. ಸತ್ಯ ಹೇಳಲು ಇಷ್ಟು ದೊಡ್ಡ ಸಭೆ ಅವರಿಗೆ ನಿವೃತ್ತಿಯ ನಂತರ ಸಿಕ್ಕಿರಲಿಲ್ಲ.

"ನೋಡಿ, ಇದು ಶ್ವಾಸಕೋಶ ಅಲ್ಲ" ಎಂದು ಅವರು ಶುರು ಮಾಡಿದರು. "ಇದು ಮರುಜೋಡಿತ ಮಾನವ ಕಣ..."

ಕೆಮ್ಮು ಬಂತು. ಕುಲುಮೆಯ ತನಕ ಮುಟ್ಟಲೇ ಇಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಪೆಟ್ಟಿಗೆಯನ್ನು ಬಿಡದೆ ತಬ್ಬಿಕೊಂಡು ಕೆಮ್ಮಿದರು.

"ಮಾತಾಡ್ಬೇಡಿ ಮಾಸ್ಟ್ರೇ, ಉಸಿರು ಉಳಿಸಿ!" ಎಂದು ಯುವಕ ಗಾಬರಿಯಿಂದ ಕೂಗಿ, ಹಿಂತಿರುಗಿ, "ಟಯರ್ ತೆಗೀರಿ!" ಎಂದ.

ಟಯರುಗಳು ಉರುಳಿದವು. ಎರಡು ಬೈಕುಗಳು ನಮ್ಮ ಮುಂದೆ ಹಾರ್ನ್ ಹೊಡೆಯುತ್ತಾ ಹೊರಟವು. ಮುಂದಿನ ಜಂಕ್ಷನ್ನುಗಳಿಗೆಲ್ಲ ಅವರೇ ಫೋನ್ ಮಾಡಿರಬೇಕು, ಎಲ್ಲೂ ಯಾರೂ ತಡೆಯಲಿಲ್ಲ. ಒಂದು ಕಡೆ ರಸ್ತೆ ಬದಿಯಲ್ಲಿ ನಿಂತ ಮುದುಕರೊಬ್ಬರು ನಮಗೆ ಕೈ ಮುಗಿದರು. ಕಾಸರಗೋಡು ದಾಟಿದ ಮೇಲೆ ಚಿಕ್ಕಪ್ಪ, "ನಾನು ಸುಳ್ಳು ಹೇಳ್ಲಿಲ್ಲ, ನೀನು ಕೇಳಿದ್ದೀಯಲ್ಲ" ಎಂದರು.

ಲ್ಯಾಬಿನಲ್ಲಿ ಗೈಡ್ ಉಳಿದ ತಯಾರಿಯನ್ನೆಲ್ಲ ಮುಗಿಸಿ ಕಾಯುತ್ತಿದ್ದರು. ಪೆಟ್ಟಿಗೆ ತೆರೆದದ್ದೇ ಕೋಣೆಯಿಡೀ ಶಿರಿಯದ ವಾಸನೆ ತುಂಬಿತು. ಉಪ್ಪು ಐಸಿನ ಒಳಗಿಂದ ಪ್ಲಾಸ್ಟಿಕ್ ಡಬ್ಬ, ಅದರೊಳಗಿಂದ ಸೀಸೆ. ಸೀಸೆ ಕಿರುಬೆರಳ ತುದಿಯಷ್ಟು. ಒಳಗಿನದು ಕರಗಿರಲಿಲ್ಲ. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಎಲ್ಲಿ?"

"ತಳದಲ್ಲಿ ಒಂದು ಹನಿ ಉಂಟಲ್ಲ, ಅದರಲ್ಲಿ."

"ಹನಿ ಕಾಣ್ತದೆ. ಸಾರ ಎಲ್ಲಿ?"

"ಅದು ಕಣ್ಣಿಗೆ ಕಾಣುವಷ್ಟು ಇಲ್ಲ ಚಿಕ್ಕಪ್ಪ."

ಅವರು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಇದಕ್ಕೆ ಬೇಕಾಗಿ ನಾನು ಇಷ್ಟು ಜನರ ಬಾಳೆಹಣ್ಣು ತಿಂದೆನಲ್ಲ!"

ಪ್ರೋಟೀನು ಇನ್ನೂ ಕೆಲಸ ಮಾಡುತ್ತದೆಯೇ ಎಂದು ನೋಡುವುದಿತ್ತು. ಅದೊಂದೇ ಪ್ರೋಟೀನನ್ನು ತೆಗೆದುಹಾಕಿದ ಮೈಟೊಕಾಂಡ್ರಿಯಗಳನ್ನು ಗೈಡ್ ಒಂದು ಪುಟ್ಟ ಗಾಜಿನ ಕೊಳವೆಯಲ್ಲಿ ಹಾಕಿಟ್ಟಿದ್ದರು. ಅವು ಉಸಿರಾಡಿದರೆ ಕೊಳವೆಯ ಆಮ್ಲಜನಕ ಕಡಿಮೆಯಾಗುತ್ತದೆ, ಪರದೆಯ ಮೇಲಿನ ಗೆರೆ ಇಳಿಯುತ್ತದೆ. ಈಗ ಗೆರೆ ಮೇಜಿನ ಅಂಚಿನ ಹಾಗೆ ನೇರ ಹೋಗುತ್ತಿತ್ತು. ನಾನು ಸೀಸೆಯಿಂದ ಎಳ್ಳಷ್ಟು ಎಳೆದು ಕೊಳವೆಗೆ ಬಿಟ್ಟೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗೆರೆ ಮೆಲ್ಲನೆ ಬಾಗಿತು, ಬಾಗಿ ಇಳಿಯತೊಡಗಿತು.

"ಉಸಿರಾಡ್ತಾ ಉಂಟಾ?" ಎಂದರು ಚಿಕ್ಕಪ್ಪ. ಅಷ್ಟು ಹೊತ್ತು ಅವರು ತಮ್ಮ ಉಸಿರನ್ನೇ ಹಿಡಿದಿದ್ದರು.

"ಉಸಿರಾಡ್ತಾ ಉಂಟು."

ಅವರು ಶಾಲಿನಿಂದ ಕಣ್ಣೊರೆಸಿಕೊಂಡರು. ಐಸಿನ ಉಪ್ಪು ತಾಗಿದ್ದು ಎಂದರು. ಬಾಗಿಲ ಬಳಿ ನಿಂತಿದ್ದ ಕೊರಿಯರಿನವನೂ ಗೆರೆಯನ್ನು ಗಂಭೀರವಾಗಿ ನೋಡಿ, ಗೈಡನ್ನು ಮಲಯಾಳದಲ್ಲಿ ಕೇಳಿದ: "ಮಾಸ್ಟ್ರಿಗೆ ಇದನ್ನು ಹಾಕುದು ಯಾವಾಗ ಮೇಡಂ?"

ಗೈಡ್ ಬಹಳ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ ಅವನನ್ನು ಕೂರಿಸಿ, ಒಂದು ಕಾಗದದಲ್ಲಿ ಒಲೆ, ಸಾಲು ಎಲ್ಲ ಬಿಡಿಸಿ ತೋರಿಸಿದರು. ಅವನು ತಲೆಯಾಡಿಸುತ್ತಾ ಕೇಳಿ, "ಇಷ್ಟೇಯಾ! ಮಾಸ್ಟ್ರು ಕನ್ನಡದಲ್ಲಿ ಹೇಳಿದ್ದಕ್ಕೆ ನಾನು ಹೆದರಿದ್ದು" ಎಂದ.

ಅವನಿಗೇನೋ ತಿಳಿಯಿತು, ಊರಿಗೆ ತಿಳಿಯಲಿಲ್ಲ. ಬೆಳಗ್ಗೆ ಹೋದ ಮಾಸ್ಟ್ರು ಅದೇ ಸಂಜೆ ತಮ್ಮ ಕಾಲಲ್ಲೇ ನಡೆದು ಮನೆಗೆ ಬಂದದ್ದನ್ನು ಎಲ್ಲರೂ ನೋಡಿದ್ದರು. "ಎಂತ ಆಸ್ಪತ್ರೆ ಅಕ್ಕಾ ಅದು! ಹೊಲಿಗೆ ಸಹ ಕಾಣುದಿಲ್ಲ" ಎಂದು ಪಕ್ಕದ ಮನೆಯವಳು ಚಿಕ್ಕಮ್ಮನ ಹತ್ತಿರ ಬೆರಗಾದಳು. ಆಸ್ಪತ್ರೆಯ ವಿಳಾಸ ಕೇಳಿಕೊಂಡು ಜನ ಬರತೊಡಗಿದರು. ಚಿಕ್ಕಪ್ಪ ಮೊದಮೊದಲು ರೇಗಿದರು, ಆಮೇಲೆ ನಗತೊಡಗಿದರು.

ಒಂದು ದಿನ ಉಪ್ಪಳದ ಕಡೆಯ ಒಬ್ಬ ಮುದುಕ ಬಂದ. ಗೇಟಿನಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಸಲ ನಿಂತ. ಕುಳಿತ ಮೇಲೂ ಎದೆಯಿಂದ ಸೀಟಿಯಂತೆ ಸದ್ದು ಬರುತ್ತಿತ್ತು. "ನನಗೂ ಒಂದು ತರಿಸಿ ಕೊಡಿ ಮಾಸ್ಟ್ರೇ" ಎಂದ. ಚಿಕ್ಕಪ್ಪ ಆ ದಿನ ಮರುಜೋಡಿತವನ್ನೂ ಹೇಳಲಿಲ್ಲ, ಕುಲುಮೆಯನ್ನೂ ಹೇಳಲಿಲ್ಲ. ತುಳುವಿನಲ್ಲಿ, ಮಗುವಿಗೆ ಹೇಳುವ ಹಾಗೆ, ಅದು ನಮ್ಮ ಹುಡುಗಿಯ ಓದಿಗೆ ಬೇಕಾದ ಸಾಮಾನು, ನನ್ನ ಎದೆಯಲ್ಲಿರುವುದು ಹಳೆಯದೇ ಎಂದು ತಿಳಿಹೇಳಿದರು. ಮರುದಿನ ಚಿಕ್ಕಪ್ಪ ಅವನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಮಧ್ಯಾಹ್ನದ ತನಕ ಬೆಂಚಿನಲ್ಲಿ ಜತೆಗೆ ಕುಳಿತರು. ಡಾಕ್ಟರು ಉಸಿರಿನ ಜತೆ ಎಳೆಯಲು ಕೊಟ್ಟ ಮದ್ದಿನಿಂದ ಮುದುಕನಿಗೆ ಎಷ್ಟೋ ಗುಣವಾಯಿತು. ಅದೇ ಬೆಂಚಿನಲ್ಲಿ ಕುಳಿತದ್ದಕ್ಕೆ ಡಾಕ್ಟರು ಚಿಕ್ಕಪ್ಪನ ಎದೆಗೂ ಕೊಳವೆ ಇಟ್ಟು ನೋಡಿ, ನಶ್ಯ ಬಿಡಬೇಕೆಂದರು. ಚಿಕ್ಕಮ್ಮ ಆ ವಾಕ್ಯವನ್ನು ಹಲವು ದಿನ ಮನೆಯಲ್ಲಿ ಪಾಠ ಮಾಡಿದರು.

ಸೀಸೆಯಲ್ಲಿದ್ದದ್ದನ್ನು ನಾನು ಮಳೆಗಾಲ ಮುಗಿಯುವ ತನಕ ಜಿಪುಣಿಯ ಹಾಗೆ ಬಳಸಿದೆ. ಎರಡನೆಯ ಬಾರಿ ತರಿಸುವಷ್ಟರಲ್ಲಿ ಕೊರಿಯರಿನವರು ಲ್ಯಾಬಿಗೇ ತಲುಪಿಸಲು ಶುರು ಮಾಡಿದ್ದರು. ಡ್ರೈ ಐಸು ಪೆಟ್ಟಿಗೆಯ ತುಂಬ ಇತ್ತು. ಯಾರೋ ತಂದು ಮೇಜಿನ ಮೇಲಿಟ್ಟು, ಸಹಿ ಹಾಕಿಸಿಕೊಂಡು, ಒಳಗೇನೆಂದು ಕೇಳದೆ ಹೋದರು. ನಾನು ಸೀಸೆಯನ್ನು ತೆಗೆದು ಡೀಪ್ ಫ್ರೀಜರಿನಲ್ಲಿಟ್ಟೆ. ಆಮೇಲೆ ಅಂದು ಬೇರೆ ಕೆಲಸವಿರಲಿಲ್ಲ. ಬೇಗನೆ ಹೊರಟು ಮೂರೂವರೆಯ ರೈಲು ಹಿಡಿದೆ.